ಅವ್ವನ ನಡ ಯಾರ ಸ್ವತ್ತು?

ಹಾಸ್ಟೆಲ್ಲಿಗೆ ಊರಿಂದ ಫೋನು ಬರುತ್ತೆ. 'ಅವ್ವನಿಗೆ ಏಳಕಾಗ್ತಿಲ್ಲ, ಬಲಗಾಲು ಸೆಳೀತದೆ.' ಓದಿದೋನು ಅಂತ ತೀರ್ಮಾನವೆಲ್ಲ ನಮ್ಮ ತಲೆ ಮೇಲೆ. ನನಗೂ ಹಾಗೇ ಬಂತು. ಇಪ್ಪತ್ತು ವರ್ಷ ಗೌಡರ ಕಬ್ಬಿನ ಹೊರೆ ಹೊತ್ತ ನಡ ಅದು.

ಪಟ್ಟಣದ ಖಾಸಗಿ ಡಾಕ್ಟರೊಬ್ಬರು ಸ್ಕ್ಯಾನ್ ಪಟ ಬೆಳಕಿಗೆ ಹಿಡಿದು, 'ಡಿಸ್ಕ್ ಜಾರಿದೆ. ಈ ವಾರವೇ ಆಪರೇಷನ್. ಇಲ್ಲಾಂದ್ರೆ ಕಾಲು ಹೋಗುತ್ತೆ' ಅಂದರು. ಅವ್ವನನ್ನು ಮುಟ್ಟಿಯೂ ನೋಡಲಿಲ್ಲ. ಮುಟ್ಟದೇ ಇರೋದು ನಮಗೇನು ಹೊಸದೇ? ಆದರೂ ನಾನು ಹೆದರಿ, 'ಅರ್ಧ ಎಕರೆ ಮಾರೋಣ' ಅಂದುಬಿಟ್ಟೆ. ಅವ್ವ ಕೇಳಿದಳು: 'ನಡ ನಂದು, ನನ್ನ ಯಾರೂ ಕೇಳಲ್ವಲ್ಲೋ?'

ಈ ಮಾತಿಗೆ ನನ್ನ ಡಿಗ್ರಿಯಲ್ಲಿ ಉತ್ತರ ಇರಲಿಲ್ಲ.

ಪಟ ನೋಡಿ ಬೆಚ್ಚಬೇಡಿ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂ.ಆರ್.ಐ. ತೆಗೆದು ನೋಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಯ ಡಿಸ್ಕ್ ಉಬ್ಬಿತ್ತು! ಡಿಸ್ಕ್ ಜಾರಿ ಕಾಲು ಸೆಳೆಯುವ ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ತಾನಾಗಿ ನೋವು ಇಳಿಯುತ್ತೆ. ಹಾಗಂತ ಆಪರೇಷನ್ನೇ ಮೋಸ ಅಂತಲ್ಲ. 2007ರಲ್ಲಿ ಪ್ರಕಟವಾದ ಹಾಲೆಂಡಿನ 283 ರೋಗಿಗಳ ಪರೀಕ್ಷೆಯಲ್ಲಿ, ಬೇಗ ಆಪರೇಷನ್ ಮಾಡಿಸಿಕೊಂಡವರ ಕಾಲುನೋವು ಬೇಗ ಇಳೀತು. ವರ್ಷ ತುಂಬುವಾಗ ಕಾದವರೂ ಅವರೂ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದರು.

ಆದರೆ ಕೂರುವ ಜಾಗ ಮರಗಟ್ಟಿದರೆ, ಉಚ್ಚೆ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಪಾದ ಎತ್ತಲಾಗದೆ ಎಳೆದರೆ ಒಂದು ರಾತ್ರಿಯೂ ಕಾಯಬೇಡಿ. ದೊಡ್ಡಾಸ್ಪತ್ರೆಗೆ ಓಡಿ. ಕಾಲು ಮುಂದಾಗಿ ಹುಟ್ಟಿದೋರ ಹತ್ತಿರ ನಡ ಒದೆಸುವ ಮೌಢ್ಯವನ್ನಂತೂ ಇವತ್ತೇ ಬಿಡಿ.

'ಕಾಯಿರಿ, ಭಾರ ಎತ್ತಬೇಡಿ' ಅನ್ನೋದು ಅಗ್ಗದ ಔಷಧಿ ಅಂತಾರೆ. ಯಾರಿಗೆ ಅಗ್ಗ? ಸಂಬಳದ ರಜೆ ಇರೋರಿಗೆ! ಕೂಲಿಯವಳಿಗೆ ಹನ್ನೆರಡು ವಾರ ಅಂದರೆ ಹನ್ನೆರಡು ವಾರದ ಹಸಿವು. ಅದಕ್ಕೇ ನಮ್ಮೋರು ಜಮೀನು ಮಾರಿಯಾದರೂ ಬೇಗ ಹೊರೆಗೆ ಮರಳಲು ನೋಡ್ತಾರೆ. ಮರಳೋದು ಎಲ್ಲಿಗೆ? ನಡ ಮುರಿದ ಅದೇ ಹೊರೆಗೆ. ಡಿಸ್ಕ್ ಜಾರಿದ್ದು ವಿಧಿಯಿಂದ ಅನ್ನೋರು ಆ ಹೊರೆಯನ್ನ ಒಂದು ದಿನ ಹೊತ್ತು ನೋಡಲಿ.

ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿಸಿ, ಕಾಲೆತ್ತಿಸಿ, ಹೆಬ್ಬೆರಳ ಬಲ ನೋಡಿದರು. 'ಬಲ ಇದೆ, ಕಾಯಬಹುದು. ಮಲಗೇ ಇರಬೇಡಿ, ಮೆಲ್ಲಗೆ ನಡೀರಿ' ಅಂದರು. ಅವ್ವನೇ ಕಾಯ್ತೀನಿ ಅಂದಳು. ಅಣ್ಣ ಒಂದು ವಾರ, ನಾನು ಒಂದು ವಾರ ಕೂಲಿಗೆ ಹೋದೆವು. ಹತ್ತನೇ ವಾರ ಅವ್ವ ಕೆರೆ ಏರಿವರೆಗೆ ನಡೆದಳು. ನೋವು ಪೂರ್ತಿ ಹೋಗಿಲ್ಲ. ಅರ್ಧ ಎಕರೆ ಉಳಿದಿದೆ.

ಗೆಳೆಯರೇ, ಡಾಕ್ಟರನ್ನ ಕೇಳಿ: ಯಾಕೆ ಈಗಲೇ? ಕಾದರೆ ಏನಾಗುತ್ತೆ? ಆಪರೇಷನ್ ಬೇಕೇ ಬೇಕಾದರೆ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಸರ್ಕಾರಿ ಆಸ್ಪತ್ರೆಯ ಚೀಟಿ ಕೇಳಿ ಪಡೀರಿ. ಅದು ಭಿಕ್ಷೆಯಲ್ಲ, ಹಕ್ಕು.

ಎಲ್ಲಕ್ಕೂ ಮೊದಲು ಅವ್ವನನ್ನ ಕೇಳಿ. ಅವಳ ನಡದ ಮೇಲೇ ನಾವು ಹಾಸ್ಟೆಲ್ಲಿಗೆ ಬಂದಿದ್ದು.