ಗುರಿ ಹೇಳಿ, ದಾರಿ ಬಿಡಿ

ಸೇನೆಯಿಂದ ಉದ್ಯಮ ಕಲಿಯಬೇಕು ಎಂದಾಗ ನಮ್ಮ ಮ್ಯಾನೇಜರುಗಳಿಗೆ ತಟ್ಟನೆ ನೆನಪಾಗುವುದು ಶಿಸ್ತು: ಮೇಲಿನವರು ಹೇಳಬೇಕು, ಕೆಳಗಿನವರು ತುಟಿಪಿಟಿಕ್ಕೆನ್ನದೆ ಮಾಡಬೇಕು. ಗೆದ್ದ ಸೇನೆಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1971ರ ಡಿಸೆಂಬರಿನ ಬಾಂಗ್ಲಾ ಯುದ್ಧದಲ್ಲಿ ಭಾರತೀಯ ಸೇನೆಯ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಅವರ 4ನೇ ಕೋರ್ ಮೇಘನಾ ನದಿಯ ದಡ ಮುಟ್ಟಿದಾಗ ಆಶುಗಂಜ್ ಸೇತುವೆಯನ್ನು ಪಾಕಿಸ್ತಾನಿ ಪಡೆ ಉಡಾಯಿಸಿತ್ತು. ನದಿ ದಾಟಿ ಢಾಕಾದತ್ತ ನುಗ್ಗುವುದು ಅವರಿಗೆ ಮೊದಲು ವಹಿಸಿದ್ದ ಕೆಲಸವೂ ಆಗಿರಲಿಲ್ಲ. ಆದರೆ ಯುದ್ಧ ಯಾಕಾಗಿ ನಡೆದಿದೆ ಎಂಬುದು ಅವರಿಗೆ ಸ್ಪಷ್ಟವಿತ್ತು, ಎದುರಾಳಿಯ ದೌರ್ಬಲ್ಯ ಕಣ್ಣೆದುರೇ ಇತ್ತು. 9ನೇ ತಾರೀಖಿನಿಂದ ಎಂಐ-4 ಹೆಲಿಕಾಪ್ಟರುಗಳಲ್ಲಿ ಸೈನಿಕರನ್ನು ಆಚೆ ದಡಕ್ಕೆ ಇಳಿಸಿದರು. ಒಂದೇ ವಾರಕ್ಕೆ, 16ರಂದು, ಢಾಕಾದಲ್ಲಿ ಶರಣಾಗತಿಗೆ ಸಹಿ ಬಿತ್ತು. 1806ರಲ್ಲಿ ಯೆನಾದಲ್ಲಿ ನೆಪೋಲಿಯನ್ನನಿಗೆ ಸೋತ ಪ್ರಷ್ಯಾ ಕೂಡ ಇದೇ ಪಾಠ ಕಲಿತು, ಗುರಿಯನ್ನಷ್ಟೇ ತಿಳಿಸಿ ದಾರಿಯನ್ನು ಸ್ಥಳದಲ್ಲಿರುವ ಅಧಿಕಾರಿಗೆ ಬಿಡುವ ಪದ್ಧತಿ ಬೆಳೆಸಿತು. ಗ್ರಾಹಕನ ಎದುರು ನಿಂತ ಶಾಖೆಯ ನೌಕರ ಸಣ್ಣ ರಿಯಾಯಿತಿಗೂ ಹೆಡ್ ಆಫೀಸಿನ ಅಪ್ಪಣೆ ಕಾಯುವಂತೆ ಮಾಡಿ ಅದನ್ನು ಶಿಸ್ತೆಂದು ಕರೆಯುವವರು ಇದನ್ನು ಗಮನಿಸಬೇಕು.

ವ್ಯಾಪಾರ ಯುದ್ಧವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಗ್ರಾಹಕ ಶತ್ರುವಲ್ಲ, ನೌಕರ ಪ್ರಾಣ ಪಣಕ್ಕಿಟ್ಟು ಬಂದವನಲ್ಲ; ರಣರಂಗದ ಭಾಷೆಯನ್ನು ಕಚೇರಿಗೆ ತರುವುದು ಬೇಡವೇ ಬೇಡ. ಕೆಳಗಿನವರಿಗೆ ಸ್ವಾತಂತ್ರ್ಯ ಕೊಟ್ಟರೆ ಗೊಂದಲವಾದೀತು ಎಂಬ ಭಯ ಮಾತ್ರ ಅರ್ಧ ಸತ್ಯ. ಸಗತ್ ಸಿಂಗ್ ಅವರ ನಿರ್ಧಾರದ ಹಿಂದೆ 1961ರ ಗೋವಾ ಕಾರ್ಯಾಚರಣೆ, 1967ರಲ್ಲಿ ನಾಥೂ ಲಾದಲ್ಲಿ ಚೀನಾದೊಡನೆ ನಡೆದ ಕಾದಾಟ ಕಲಿಸಿದ ಅನುಭವವಿತ್ತು. ಅವರ ಬೆನ್ನಿಗೆ, 1971ರ ಏಪ್ರಿಲ್‌ನಲ್ಲೇ ಯುದ್ಧಕ್ಕೆ ಇಳಿಯಲು ಒಪ್ಪದೆ, ಮಳೆಗಾಲದ ನದಿಗಳನ್ನು ತೋರಿಸಿ ಸಿದ್ಧತೆಗೆ ಕಾಲ ಕೇಳಿ ಪಡೆದ ಸೇನಾ ಮುಖ್ಯಸ್ಥ ಮಾಣೆಕ್‌ಶಾ ಇದ್ದರು. ತರಬೇತಿ, ಸಮಯ, ಸಾಮಗ್ರಿ ಒದಗಿಸುವುದು ಮೇಲಿನವರ ಕೆಲಸ. ಎರಡು ದಿನದ ತರಬೇತಿ ಕೊಟ್ಟು, ನೀನೇ ನಿರ್ಧರಿಸು ಎಂದು ಕೈತೊಳೆದುಕೊಳ್ಳುವುದು ಹೊಣೆಗೇಡಿತನ.

ಸೇನೆಯಿಂದ ಕಲಿಯಬಹುದಾದ ಇನ್ನೊಂದು ಪದ್ಧತಿಗೆ ಖರ್ಚೇ ಇಲ್ಲ. ಅಮೆರಿಕದ ಸೇನೆಯಲ್ಲಿ ಸಮರಾಭ್ಯಾಸದ ನಂತರ ಎಲ್ಲರೂ ಕೂತು ಕೇಳಿಕೊಳ್ಳುತ್ತಾರೆ: ಏನಾಗಬೇಕಿತ್ತು, ಏನಾಯಿತು, ಯಾಕಾಯಿತು, ಮುಂದೇನು ಮಾಡೋಣ. ಅಲ್ಲಿ ಸಾಮಾನ್ಯ ಸಿಪಾಯಿಯೂ ಅಧಿಕಾರಿಯ ತಪ್ಪನ್ನು ಹೇಳಬಹುದು. ನಮ್ಮಲ್ಲಿ ಗುರಿ ತಪ್ಪಿದ ಮರುದಿನ ಯಾರ ತಲೆಗೆ ಕಟ್ಟೋಣ ಎಂಬ ಹುಡುಕಾಟ ಶುರುವಾಗುತ್ತದೆ, ಹಾಗಾಗಿ ನಿಜ ಸಂಗತಿ ಮೇಲಕ್ಕೆ ಬರುವುದೇ ಇಲ್ಲ. ಉದ್ಯಮ ನಡೆಸುವವರಲ್ಲಿ ಕೇಳುವುದಿಷ್ಟೇ: ಮುಂದಿನ ಮೀಟಿಂಗಿನಲ್ಲಿ ಮೊದಲು ನಿಮ್ಮ ತಪ್ಪು ಹೇಳಿ, ಆಮೇಲೆ ತೀರಾ ಕಿರಿಯರಿಗೆ ಮಾತಾಡಲು ಬಿಡಿ.