ಸಂಶೋಧನೆಯ ಹಣಕ್ಕೆ ಲೆಕ್ಕ ಹಿಡಿಯುವ ಬಗೆ

ಸಾರ್ವಜನಿಕ ಹಣದಿಂದ ನಡೆಯುವ ವೈಜ್ಞಾನಿಕ ಸಂಶೋಧನೆಯನ್ನು ಅಳೆಯುವ ಕೋಲು ಯಾವುದಾಗಿರಬೇಕು? ಇದು ದೆಹಲಿಯ ಸಮಿತಿಗಳಿಗೆ ಸೇರಿದ ವಿಚಾರ, ತೋಟ ಗದ್ದೆಗಳ ನಡುವೆ ಬದುಕುವವರಿಗೆ ಇದರ ಗೊಡವೆ ಬೇಡ ಎಂಬ ಭಾವನೆ ಹಲವರಲ್ಲಿದೆ. ಮಲೆನಾಡಿನ ನೂರು ವರ್ಷಗಳ ಅನುಭವ ಇದನ್ನು ಒಪ್ಪುವುದಿಲ್ಲ. ಸಂಶೋಧನೆ ಸಫಲವಾದಾಗ ಉಳಿದದ್ದು ಇಲ್ಲಿಯ ಬೆಳೆ. ಅದು ನಡುದಾರಿಯಲ್ಲಿ ಕೈಬಿಟ್ಟಾಗ ಹೋದದ್ದು ಇಲ್ಲಿಯ ಜೀವ.

2020-21ರಲ್ಲಿ ದೇಶವು ಸರ್ಕಾರಿ ಮತ್ತು ಖಾಸಗಿ ಮೂಲಗಳೆರಡನ್ನೂ ಸೇರಿಸಿ ಸಂಶೋಧನೆ ಹಾಗೂ ಅಭಿವೃದ್ಧಿಗೆ ವೆಚ್ಚ ಮಾಡಿದ್ದು ಸುಮಾರು 1,27,000 ಕೋಟಿ ರೂಪಾಯಿ. ಒಟ್ಟು ದೇಶೀಯ ಉತ್ಪನ್ನದಲ್ಲಿ ಇದು ಶೇ. 0.64 ಮಾತ್ರ. ಹಣ ಸಾಲದು ಎಂಬ ವಿಜ್ಞಾನಿಗಳ ದೂರು ನ್ಯಾಯವಾದದ್ದೇ. ಆದರೆ ಹಣ ಎಷ್ಟು ಎಂಬುದರ ಬೆನ್ನಿಗೇ, ಕೊಟ್ಟ ಹಣ ಏನಾಯಿತು ಎಂಬ ಪ್ರಶ್ನೆಯೂ ಏಳಬೇಕು. ಸಾಮಾನ್ಯವಾಗಿ ಇದಕ್ಕೆ ದೊರೆಯುವ ಉತ್ತರ ಮೂರು: ಹಣ ಬಳಕೆ ಪ್ರಮಾಣಪತ್ರ, ಪ್ರಕಟವಾದ ಪ್ರಬಂಧಗಳ ಸಂಖ್ಯೆ, ಪಡೆದ ಪೇಟೆಂಟುಗಳ ಸಂಖ್ಯೆ. ಇವು ಬೇಡವೆಂದಲ್ಲ. ಇವಿಷ್ಟೇ ಸಾಲವು ಎಂಬುದನ್ನು ಮಲೆನಾಡಿಗೆ ಪರಿಚಿತವಾದ ಮೂರು ರೋಗಗಳು ತೋರಿಸುತ್ತವೆ.

ಮೊದಲನೆಯದು ಅಡಿಕೆಯ ಕೊಳೆರೋಗ. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುವುದೇ ಬೆಳೆಗಾರರಿಗೆ ಉಪಾಯವಾಗಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ವಿಜ್ಞಾನಿ ಎಲ್. ಸಿ. ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ, ಮೈಲುತುತ್ತ ಮತ್ತು ಸುಣ್ಣ ಬೆರೆತ ಬೋರ್ಡೋ ದ್ರಾವಣ ಅಡಿಕೆ ತೋಟಕ್ಕೆ ಬಂತು. ಇಂದಿಗೂ ಮಳೆಗಾಲದ ಮುನ್ನ ಅದು ಸಿದ್ಧವಾಗುತ್ತದೆ. ಪ್ರಯೋಗಾಲಯದ ತಿಳಿವಳಿಕೆ ತೋಟದವರೆಗೆ ನಡೆದುಬಂದ ಉದಾಹರಣೆಯಿದು. ಆದರೂ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ವರ್ಷವರ್ಷವೂ ಸಿಂಪಡಿಸಿದ ತಾಮ್ರ ಕರಗಿ ಮಾಯವಾಗುವಂಥದಲ್ಲ, ಮಣ್ಣಿನಲ್ಲಿ ಉಳಿಯುವಂಥದು. ಸಫಲವಾದ ಸಂಶೋಧನೆಗೂ ನೂರು ವರ್ಷಗಳ ನಂತರದ ಮೌಲ್ಯಮಾಪನ ಬೇಕಾಗುತ್ತದೆ.

ಎರಡನೆಯದು ಹಳದಿ ಎಲೆ ರೋಗ. ಈಗಿನ ಕೇರಳದ ಭಾಗಗಳಲ್ಲಿ 1914ರ ಹೊತ್ತಿಗೇ ಗುರುತಿಸಲಾದ ಈ ರೋಗ ಶೃಂಗೇರಿ, ಕೊಪ್ಪ, ಸುಳ್ಯದ ಕಡೆಯ ಎಷ್ಟೋ ತೋಟಗಳನ್ನು ಬರಿದು ಮಾಡಿದೆ. ಇದರೊಂದಿಗೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ನಂಟಿರುವುದು ತಿಳಿದಿದೆ, ಮದ್ದು ದೊರೆತಿಲ್ಲ. ಹಾಗೆಂದು ಇದಕ್ಕೆ ಖರ್ಚಾದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎನ್ನುವುದು ಅನ್ಯಾಯ. ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ರೋಗದ ನಡುವೆಯೂ ಹಸಿರಾಗಿ ನಿಂತ ಮರವನ್ನು ಆಯ್ದು, ಅದರ ಸಂತತಿ ರೋಗವನ್ನು ತಾಳುತ್ತದೆಯೇ ಎಂದು ಪರೀಕ್ಷಿಸಲು ಒಬ್ಬ ವಿಜ್ಞಾನಿಯ ಸೇವಾವಧಿಯೂ ಸಾಲದಿರಬಹುದು. ಅಂಥ ಕೆಲಸಕ್ಕೆ ಮೂರು ವರ್ಷಗಳ ಯೋಜನೆ ಕೊಟ್ಟು, ಮೂರನೆಯ ವರ್ಷದ ಕೊನೆಗೆ ಫಲವೆಲ್ಲಿ ಎಂದು ಕೇಳುವುದು ಮೌಲ್ಯಮಾಪನವಲ್ಲ. ಪ್ರಾಮಾಣಿಕವಾಗಿ ಹುಡುಕಿ ಸಿಗದಿರುವುದು ಬೇರೆ, ಹುಡುಕದೆ ಬಿಡುವುದು ಬೇರೆ. ಅಳೆಯುವ ಕೋಲಿಗೆ ಈ ವ್ಯತ್ಯಾಸ ತಿಳಿಯಬೇಕು.

ಮೂರನೆಯದು ಎಲ್ಲಕ್ಕಿಂತ ನೋವಿನದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹರಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದೇ ವರ್ಷ ವೈರಾಣುವನ್ನು ಬೇರ್ಪಡಿಸಿದರು. ಉಣುಗುಗಳೇ ಅದರ ವಾಹಕ ಎಂಬುದೂ ಸ್ಪಷ್ಟವಾಯಿತು. 1990ರಿಂದ ಮಂಗನ ಕಾಯಿಲೆಗೆ ಲಸಿಕೆ ಹಾಕತೊಡಗಿದರು. ಹಣ ಬಳಕೆ, ಪ್ರಬಂಧ, ಉತ್ಪನ್ನ ಎಂಬ ಯಾವ ಕೋಲಿನಿಂದ ಅಳೆದರೂ ಇದು ಯಶಸ್ಸೇ.

ಆದರೆ 2005ರಿಂದ 2010ರವರೆಗಿನ ಪ್ರಕರಣಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಚ್ಚರಿಕೆ ನೀಡಿತ್ತು. ಒಂದೇ ಡೋಸ್‌ನಿಂದ ರಕ್ಷಣೆ ಕಾಣಲಿಲ್ಲ. ಎರಡು ಡೋಸ್‌ಗಳ ಪರಿಣಾಮ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಶೇ. 83. ಇತ್ತ 2012ರಿಂದ 2016ರ ನಡುವೆ ರೋಗ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸಾವುಗಳನ್ನು ಕಂಡಿತು. ಸಾಮರ್ಥ್ಯ ಕುಂದಿದೆ ಎಂಬ ಕಾರಣಕ್ಕೆ 2022ರಲ್ಲಿ ಲಸಿಕೆಯೇ ನಿಂತಿತು. ಆಗ ಅದರ ಜಾಗಕ್ಕೆ ಇನ್ನೊಂದು ಸಿದ್ಧವಿರಲಿಲ್ಲ. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಕೈಗೆತ್ತಿಕೊಂಡಿದೆ ಎಂಬುದು ಸಮಾಧಾನದ ಸಂಗತಿ. ಆದರೆ ಕಂಡುಹಿಡಿದದ್ದನ್ನು ಕಾಯ್ದುಕೊಳ್ಳುವ, ಮರುಪರೀಕ್ಷಿಸುವ, ಸುಧಾರಿಸುವ ಕೆಲಸ ಇಷ್ಟು ವರ್ಷ ಯಾರ ಲೆಕ್ಕದಲ್ಲಿತ್ತು? ಸಂಶೋಧನೆಗೆ ಅದು ಹಳೆಯ ವಿಷಯ. ಆರೋಗ್ಯ ಸೇವೆಗೆ ಅದು ಪ್ರಯೋಗಾಲಯದ ವಿಷಯ. ಎರಡರ ನಡುವಿನ ಕಂದಕಕ್ಕೆ ಬಿದ್ದವರು ಸೌದೆಗೆ, ದರಕಿಗೆ ಕಾಡಿಗೆ ಹೋಗುವ ಬಡವರು.

ಈ ಪಾಠ ಇಂದು ಹೆಚ್ಚು ಅಗತ್ಯವಾಗಿದೆ. 2023ರ ಕಾಯ್ದೆಯಂತೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಸ್ಥಾಪನೆಯಾಗಿದೆ. ಐದು ವರ್ಷಗಳಿಗೆ ಅಂದಾಜಿಸಿದ 50,000 ಕೋಟಿ ರೂಪಾಯಿಯಲ್ಲಿ ಕೇಂದ್ರ ಸರ್ಕಾರದ ಪಾಲು 14,000 ಕೋಟಿ. ಉಳಿದದ್ದು ಉದ್ಯಮ, ದಾನಿಗಳು ಮೊದಲಾದ ಮೂಲಗಳಿಂದ ಬರಬೇಕು. 2025ರ ಜುಲೈಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ 1 ಲಕ್ಷ ಕೋಟಿ ರೂಪಾಯಿಯ ಇನ್ನೊಂದು ಯೋಜನೆ, ಖಾಸಗಿ ವಲಯದ ಸಂಶೋಧನೆಗೆ ಕಡಿಮೆ ಬಡ್ಡಿಯ ಅಥವಾ ಬಡ್ಡಿರಹಿತ ದೀರ್ಘಾವಧಿ ಸಾಲ ಒದಗಿಸುತ್ತದೆ. ಉದ್ಯಮ ಸಂಶೋಧನೆಗೆ ಇಳಿಯುವುದು ತಪ್ಪಲ್ಲ. ಆದರೆ ಸಾಲ ತೀರಿಸಬೇಕಾದವರು ಮಾರುಕಟ್ಟೆ ಇರುವ ಕಡೆಗೇ ನಡೆಯುತ್ತಾರೆ. ಕಾಡಂಚಿನ ಕೆಲವು ತಾಲ್ಲೂಕುಗಳ ಜ್ವರಕ್ಕೆ ಅಂಥ ಮಾರುಕಟ್ಟೆ ಎಲ್ಲಿದೆ? ಎಲ್ಲಿ ಲಾಭವಿಲ್ಲವೋ ಅಲ್ಲಿಗೆ ಸಾರ್ವಜನಿಕ ಹಣ ತಲುಪಿತೇ ಎಂಬುದೇ ಈ ಯೋಜನೆಗಳಿಗೆ ಹಾಕಬೇಕಾದ ಮೊದಲ ಪ್ರಶ್ನೆ.

ಹಾಗಾದರೆ ಆಗಬೇಕಾದದ್ದೇನು? ಪ್ರತಿಯೊಂದು ಯೋಜನೆಯೂ ಯಾರಿಗಾಗಿ, ಎಷ್ಟು ಕಾಲದಲ್ಲಿ, ಯಾವ ಬದಲಾವಣೆಯನ್ನು ಬಯಸುತ್ತದೆ ಎಂಬುದನ್ನು ಆರಂಭದಲ್ಲೇ ಬರೆದಿಡಬೇಕು. ಹಣ ಮುಗಿದ ದಿನವಲ್ಲದೆ ಐದು, ಹತ್ತು, ಇಪ್ಪತ್ತು ವರ್ಷಗಳ ನಂತರವೂ ಹೊರಗಿನವರಿಂದ ಪರಿಶೀಲನೆ ನಡೆಯಬೇಕು. ಸೋತ ಪ್ರಯೋಗಗಳ ವರದಿಯೂ ಪ್ರಕಟವಾಗಬೇಕು. ಇಲ್ಲವಾದರೆ ಮುಂದಿನವರು ಅದೇ ಗುಂಡಿಗೆ ಬೀಳುತ್ತಾರೆ. ಮೌಲ್ಯಮಾಪನ ಸಮಿತಿಯಲ್ಲಿ ಬೆಳೆಗಾರರು, ಆಶಾ ಕಾರ್ಯಕರ್ತೆಯರು, ಕಾಡಿನೊಡನೆ ಬದುಕುವವರು ಇರಬೇಕು. ಇದು ಬರಿಯ ಆದರ್ಶವಲ್ಲ. ಆರೋಗ್ಯ, ಪಶುಪಾಲನೆ, ಅರಣ್ಯ ಇಲಾಖೆಗಳವರೊಡನೆ ಕೂಡಿ ಪ್ರಶ್ನೆಗಳನ್ನು ರೂಪಿಸಿಕೊಂಡೇ ಮಂಗನ ಕಾಯಿಲೆಯ ಅಪಾಯದ ನಕ್ಷೆ ರಚಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಗಿದೆ.

ಹಳ್ಳಿಗರ ಮತ್ತು ವಿದ್ಯಾರ್ಥಿಗಳ ಕೈಯಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ತಮ್ಮ ಜಿಲ್ಲೆಯ ಹೆಸರಿನಲ್ಲಿ ನಡೆದ ಒಂದೊಂದು ಸಂಶೋಧನಾ ಯೋಜನೆಯ ಉದ್ದೇಶ, ವೆಚ್ಚ, ಫಲಿತಾಂಶಗಳನ್ನು ಪಡೆದು ಕನ್ನಡದಲ್ಲಿ ಬರೆದು ಪಂಚಾಯಿತಿಯ ಮುಂದಿಡುವುದು ಕಾಲೇಜು ವಿದ್ಯಾರ್ಥಿಗಳಿಗೆ ಅಸಾಧ್ಯವೇನಲ್ಲ. ಮಂಗನ ಕಾಯಿಲೆ ಹೆಚ್ಚಾಗಿ ಕಾಡುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಅದಕ್ಕೆ ಮುನ್ನ ಸೇರುವ ಪ್ರತಿಯೊಂದು ಗ್ರಾಮಸಭೆಯ ನಡವಳಿಯಲ್ಲಿ ಒಂದು ಪ್ರಶ್ನೆ ದಾಖಲಾಗಲಿ: ಹೊಸ ಲಸಿಕೆ ಯಾವ ಹಂತದಲ್ಲಿದೆ, ಮತ್ತು ಅದು ಬಂದ ಮೇಲೆ ಅದರ ಸಾಮರ್ಥ್ಯವನ್ನು ವರ್ಷವರ್ಷವೂ ಪರೀಕ್ಷಿಸುವವರು ಯಾರು?