ಎರವಲು ತಂದ ಮುಖ

ಇಂಜಿನಿಯರಿಂಗ್ ಕೊನೆಯ ವರ್ಷದ ಮಕ್ಕಳಿರುವ ಮನೆಯಲ್ಲಿ ‘ಪ್ರಾಜೆಕ್ಟ್’ ಎಂಬ ಮಾತು ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ. ಪ್ರಾಜೆಕ್ಟ್ ಮುಗಿಯಿತೇ, ಗೈಡ್ ಸಹಿ ಹಾಕಿದರೇ, ವೈವಾ ಯಾವಾಗ ಎಂದು ಅಪ್ಪ ಅಮ್ಮ ವಿಚಾರಿಸುತ್ತಾರೆ. ‘ನೀನು ಮಾಡಿದ್ದು ಯಾರಿಗೆ ಉಪಯೋಗ, ಯಾರಿಗೆ ತೊಂದರೆ?’ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ತಾವೇ ಕೇಳಿಕೊಂಡ ಒಬ್ಬ ವಿದ್ಯಾರ್ಥಿನಿಯ ಕಥೆ ಹೇಳುತ್ತೇನೆ.

ಆಕೆ ಜಾಯ್ ಬುವೊಲಮ್ವಿನಿ. ಘಾನಾ ಮೂಲದ ಕುಟುಂಬದವರು, ಮೈಬಣ್ಣ ಕಪ್ಪು. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಪದವಿ ಓದುತ್ತಿದ್ದಾಗ ಒಂದು ರೊಬಾಟ್‌ಗೆ ಆಟ ಕಲಿಸಬೇಕಿತ್ತು. ಪುಟ್ಟ ಮಕ್ಕಳೆದುರು ನಾವು ಮುಖ ಮುಚ್ಚಿ ತೆರೆದು ಆಡುತ್ತೇವಲ್ಲ, ಅದೇ ಆಟ. ಆದರೆ ರೊಬಾಟ್‌ಗೆ ಆಕೆಯ ಮುಖವೇ ಕಾಣಲಿಲ್ಲ! ಕೊನೆಗೆ ರೂಮಿನ ಗೆಳತಿಯನ್ನು ಕೂರಿಸಿ, ಅವಳ ಮುಖ ತೋರಿಸಿ ಕೆಲಸ ಮುಗಿಸಿದರು. ಈ ದೋಷವನ್ನು ಮುಂದೆ ಬೇರೆ ಯಾರಾದರೂ ಸರಿಪಡಿಸುತ್ತಾರೆ ಎಂದುಕೊಂಡು ಸುಮ್ಮನಾದರು. ನಾವೂ ಹಾಗೆಯೇ ಅಲ್ಲವೇ?

ಮುಂದೆ ಹಾಂಕಾಂಗ್‌ನಲ್ಲಿ ಒಂದು ಹೊಸ ಕಂಪೆನಿಯ ರೊಬಾಟ್ ನೋಡಲು ಹೋದಾಗಲೂ ಅದೇ ಕಥೆ. ಜೊತೆಯಲ್ಲಿದ್ದವರೆಲ್ಲ ಅದಕ್ಕೆ ಕಂಡರು, ಆಕೆ ಕಾಣಲಿಲ್ಲ. ವಿಚಾರಿಸಿದರೆ, ಎರಡೂ ಕಡೆ ಬಳಸಿದ್ದು ಒಂದೇ ಸಾಫ್ಟ್‌ವೇರ್. ಒಂದು ಕೋಣೆಯಲ್ಲಿ ಹುಟ್ಟಿದ ತಪ್ಪು ಸದ್ದಿಲ್ಲದೆ ಸಾಗರ ದಾಟಿತ್ತು.

2015ರಲ್ಲಿ ಆಕೆ ಎಂ.ಐ.ಟಿ.ಯಲ್ಲಿ ಉನ್ನತ ವ್ಯಾಸಂಗಕ್ಕೆ ಸೇರಿದ್ದರು. ತರಗತಿಯ ಪ್ರಾಜೆಕ್ಟ್‌ಗಾಗಿ ಒಂದು ಕನ್ನಡಿ ತಯಾರಿಸಿದರು. ಎದುರು ನಿಂತವರ ಪ್ರತಿಬಿಂಬದ ಮೇಲೆ ಸಿಂಹದ ಮುಖವೋ, ಅವರು ಮೆಚ್ಚಿದ ವ್ಯಕ್ತಿಯ ಮುಖವೋ ಮೂಡಬೇಕು. ಈ ಸಲವೂ ಕ್ಯಾಮೆರಾ ಆಕೆಯನ್ನು ಗುರುತಿಸಲಿಲ್ಲ. ಹತ್ತಿರದಲ್ಲಿದ್ದ ಬಿಳಿಯ ಮುಖವಾಡ ತೊಟ್ಟೊಡನೆ ಗುರುತಿಸಿತು!

ಈ ಬಾರಿ ಆಕೆ ಗೆಳತಿಯ ಮುಖ ಎರವಲು ತರಲಿಲ್ಲ. ಹೀಗೇಕಾಗುತ್ತದೆ ಎಂದು ಹುಡುಕಲು ಹೊರಟರು. ಕಾರಣ ಸರಳ. ಮುಖವೆಂದರೆ ಹೇಗಿರುತ್ತದೆ ಎಂದು ಕಂಪ್ಯೂಟರ್ ಕಲಿಯುವುದು ನಾವು ಉಣಿಸಿದ ಭಾವಚಿತ್ರಗಳಿಂದ. ಅವುಗಳಲ್ಲಿ ಬಿಳಿಯರು, ಅದರಲ್ಲೂ ಗಂಡಸರು, ಹೆಚ್ಚಾಗಿದ್ದರೆ ಯಂತ್ರದ ಪಾಲಿಗೆ ಅವರೇ ಮನುಷ್ಯರು. ಬಿತ್ತಿದಂತೆ ಬೆಳೆ.

ಆಕೆ ಮೂರು ಆಫ್ರಿಕನ್ ಮತ್ತು ಮೂರು ಯುರೋಪಿಯನ್ ದೇಶಗಳ ಸಂಸದರ 1,270 ಚಿತ್ರಗಳನ್ನು ಸಂಗ್ರಹಿಸಿದರು. ಟಿಮ್ನಿಟ್ ಗೆಬ್ರು ಅವರ ಜೊತೆ ಸೇರಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿತ್ರ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪೆನಿಗಳ ಸಾಫ್ಟ್‌ವೇರ್‌ಗಳು ಬಿಳಿಯ ಗಂಡಸರ ವಿಷಯದಲ್ಲಿ ಎಡವಿದ್ದು ಹೆಚ್ಚೆಂದರೆ ಶೇ 0.8. ಕಪ್ಪು ಮಹಿಳೆಯರ ವಿಷಯದಲ್ಲಿ ಶೇ 34.7ರವರೆಗೆ! ಮುಂದೆ ಅವನ್ನೇ ಮತ್ತೆ ಪರೀಕ್ಷಿಸಿದಾಗ ತಪ್ಪುಗಳು ಬಹಳಷ್ಟು ಇಳಿದಿದ್ದವು. ಬಯಲಿಗೆ ಬಂದ ದೋಷವನ್ನು ಕಂಪೆನಿಗಳು ತಿದ್ದಿಕೊಂಡಿದ್ದವು.

ಇದು ಬರೀ ಅಂಕಿಸಂಖ್ಯೆಯ ಜಗಳವಲ್ಲ. 2020ರ ಜನವರಿಯಲ್ಲಿ ಡೆಟ್ರಾಯಿಟ್ ಪೊಲೀಸರು ಒಬ್ಬ ಕಪ್ಪು ಗೃಹಸ್ಥನನ್ನು ಹೆಂಡತಿ ಮಕ್ಕಳೆದುರೇ ಕೈಕೋಳ ತೊಡಿಸಿ ಒಯ್ದರು. ಕಳ್ಳನ ಚಿತ್ರಕ್ಕೆ ಇವನ ಮುಖ ಹೊಂದುತ್ತದೆ ಎಂದು ಕಂಪ್ಯೂಟರ್ ಹೇಳಿತ್ತು. ಅದು ತಪ್ಪಾಗಿತ್ತು. ಆತ ಸುಮಾರು 30 ಗಂಟೆ ಠಾಣೆಯಲ್ಲಿ ಕಳೆಯಬೇಕಾಯಿತು.

ಹಾಗಾದರೆ ಯಂತ್ರ ಎಲ್ಲರನ್ನೂ ಸರಿಯಾಗಿ ಗುರುತಿಸಿಬಿಟ್ಟರೆ ಸಮಸ್ಯೆ ಮುಗಿಯಿತೇ? ಅದೂ ಇಲ್ಲ. 2024ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಅಂಗಡಿಯಲ್ಲಿ ಸಿಗುವ ಕ್ಯಾಮೆರಾ ಕನ್ನಡಕವನ್ನೇ ಬಳಸಿ, ದಾರಿಹೋಕರ ಹೆಸರು ವಿಳಾಸಗಳನ್ನು ಕ್ಷಣಗಳಲ್ಲಿ ಹೆಕ್ಕಿ ತೋರಿಸಿದರು. ಅಪಾಯ ಎಷ್ಟು ಹತ್ತಿರದಲ್ಲಿದೆ ಎಂದು ಎಚ್ಚರಿಸುವುದೇ ಅವರ ಉದ್ದೇಶ. ಪ್ರೋಗ್ರಾಮನ್ನು ಯಾರಿಗೂ ಕೊಡಲಿಲ್ಲ. ಬದಲಿಗೆ, ಇಂಥ ಹುಡುಕಾಟದ ಪಟ್ಟಿಗಳಿಂದ ನಮ್ಮ ವಿವರ ತೆಗೆಸುವುದು ಹೇಗೆ ಎಂದು ತಿಳಿಸಿಕೊಟ್ಟರು. ಏನನ್ನು ಮಾಡಬಲ್ಲೆವು ಎಂಬುದರ ಜೊತೆಗೆ ಏನನ್ನು ಹಂಚಬಾರದು ಎಂಬುದನ್ನೂ ಅವರು ಯೋಚಿಸಿದ್ದರು.

ನಮ್ಮ ಮಕ್ಕಳೂ ಈಗ ಹಾಜರಿ ಹಾಕುವ ಕ್ಯಾಮೆರಾ, ಕನ್ನಡ ಮಾತು ಕೇಳಿ ಉತ್ತರಿಸುವ ಯಂತ್ರ ಎಂದೆಲ್ಲ ಪ್ರಾಜೆಕ್ಟ್ ಮಾಡಬಲ್ಲರು. ಸಿದ್ಧ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತಂದರೆ ಅಂಕವೇನೋ ಬರಬಹುದು, ಕಲಿಕೆ ಅಂಗಡಿಯಲ್ಲೇ ಉಳಿಯುತ್ತದೆ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಯಂತ್ರವನ್ನು ಗೆಳೆಯರ ಮುಂದಷ್ಟೇ ಓಡಿಸಿ ನೋಡಬೇಡಿ. ಕಲಬುರಗಿಯ ಮಾತು ಅದಕ್ಕೆ ತಿಳಿಯುತ್ತದೆಯೇ? ಕುಂದಾಪುರದ್ದು? ಹಲ್ಲಿಲ್ಲದ ಅಜ್ಜಿಯದು? ಅದು ತಪ್ಪಿದರೆ ನಷ್ಟ ಯಾರಿಗೆ?

ತಂದೆ ತಾಯಂದಿರಲ್ಲೂ ಒಂದು ಮನವಿ. ಈ ಸಲ ಮಗ ಅಥವಾ ಮಗಳು ಪ್ರಾಜೆಕ್ಟ್ ತೋರಿಸಿದಾಗ ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು, ‘ಇದಕ್ಕೆ ಯಾರ ಮುಖ ಕಾಣುವುದಿಲ್ಲ?’ ಎಂದು ಕೇಳಿ ನೋಡಿ. ಕಂಪ್ಯೂಟರ್ ಬಾರದವರೂ ಕೇಳಬಹುದಾದ ಪ್ರಶ್ನೆ ಅದು.